ಔಷಧದ ಶಕ್ತಿ ಯಾರ ಸ್ವತ್ತು?

ಯೋಗಶಾಸ್ತ್ರವು ಹೇಳುವ ಯಮಗಳಲ್ಲಿ ಅಸ್ತೇಯವೂ ಒಂದು. ಪರರ ದ್ರವ್ಯವನ್ನು ಅಪಹರಿಸದಿರುವುದೆಂದು ಅದರ ಸಾಮಾನ್ಯಾರ್ಥ. ನೆಗಡಿ ಬಂದೊಡನೆ ಅಂಗಡಿಯಿಂದ ಎರಡು ಆಂಟಿಬಯೋಟಿಕ್ ಮಾತ್ರೆ ಕೊಂಡು ನುಂಗುವವನು ಏನನ್ನಾದರೂ ಅಪಹರಿಸುವನೇ? ಹಣ ಕೊಟ್ಟಿದ್ದಾನಷ್ಟೆ! ಆದರೆ ಅವನು ತೆತ್ತ ಬೆಲೆ ಮಾತ್ರೆಯದು. ವೈದ್ಯಶಾಸ್ತ್ರವು ವೀರ್ಯವೆಂದು ಕರೆಯುವ ಅದರ ಶಕ್ತಿಯದಲ್ಲ. ನೆಗಡಿಯು ಬ್ಯಾಕ್ಟೀರಿಯಾದಿಂದ ಬರುವುದೇ ಅಲ್ಲವಾಗಿ, ಮಾತ್ರೆಯಿಂದ ಅವನಿಗೆ ಫಲವೂ ಇಲ್ಲ. ದೇಹದೊಳಗಿನ ಬ್ಯಾಕ್ಟೀರಿಯಾಗಳು ಮಾತ್ರ ಅದನ್ನೆದುರಿಸುವ ವಿದ್ಯೆಯನ್ನು ಕಲಿತುಬಿಡುತ್ತವೆ. ಪೆನಿಸಿಲಿನ್ನನ್ನು 1928ರಲ್ಲಿ ಕಂಡುಹಿಡಿದ ಫ್ಲೆಮಿಂಗರು 1945ರ ನೊಬೆಲ್ ಉಪನ್ಯಾಸದಲ್ಲಿಯೇ ಈ ಅಪಾಯವನ್ನು ಸೂಚಿಸಿದ್ದರು. 2019ರ ಒಂದೇ ವರ್ಷದಲ್ಲಿ, ಔಷಧಕ್ಕೆ ಮಣಿಯದ ಬ್ಯಾಕ್ಟೀರಿಯಾಗಳಿಂದ ಲೋಕದಲ್ಲಿ ಸುಮಾರು 12 ಲಕ್ಷ 70 ಸಾವಿರ ಮಂದಿ ಸತ್ತರೆಂದು ತಜ್ಞರ ಅಂದಾಜು.

ಈಗ ಹೊಸದೊಂದು ಉಪಾಯ ಹುಡುಕಲ್ಪಡುತ್ತಿದೆ. ಸೆಕೆಂಡಿಗೆ 20,000 ಕಂಪನಗಳನ್ನು ಮೀರಿದ ಧ್ವನಿ ಮನುಷ್ಯನಿಗೆ ಕೇಳಿಸದು. ಗರ್ಭಿಣಿಯರಿಗೆ ಮಾಡುವ ಸ್ಕ್ಯಾನಿಂಗ್ ಇಂಥ ಧ್ವನಿಯದೇ. ಟೈಟಾನಿಯಂ ಡಯಾಕ್ಸೈಡ್ ಮೊದಲಾದ ದ್ರವ್ಯಗಳ ನ್ಯಾನೋಕಣಗಳನ್ನು ಸೋಂಕಿನ ಸ್ಥಳಕ್ಕೆ ಸೇರಿಸಿ, ಹೊರಗಿನಿಂದ ಈ ಧ್ವನಿಯನ್ನು ಹಾಯಿಸಿದರೆ, ಕಣಗಳು ಎಚ್ಚೆತ್ತು ಸುತ್ತಲಿನ ನೀರು ಮತ್ತು ಆಮ್ಲಜನಕಗಳಿಂದ ಅತ್ಯುಗ್ರವಾದ ಅಣುಗಳನ್ನು ಹುಟ್ಟಿಸುತ್ತವೆ. ಇವು ಬ್ಯಾಕ್ಟೀರಿಯಾದ ಪೊರೆ, ಪ್ರೋಟೀನು, ಡಿ.ಎನ್.ಎ. ಎಲ್ಲವನ್ನೂ ಒಮ್ಮೆಗೇ ಕೆಡಿಸುವುದರಿಂದ, ಎದುರುವಿದ್ಯೆ ಸುಲಭವಾಗಿ ಹುಟ್ಟಲಾರದೆಂದು ಆಶೆ. ಬೆಳಕು ಮುಟ್ಟಲಾರದ ಆಳವನ್ನು ಧ್ವನಿ ಮುಟ್ಟುವುದರಿಂದ ಮೂಳೆಯೊಳಗಿನ ಸೋಂಕಿಗೂ ಇದು ಒದಗಬಹುದು. ಸದ್ಯಕ್ಕಿದು ಬಹುಮಟ್ಟಿಗೆ ಪ್ರಯೋಗಶಾಲೆಯ ಮತ್ತು ಪ್ರಾಣಿಪರೀಕ್ಷೆಯ ಮಾತು. ಧ್ವನಿಯ ನೆರವಿಲ್ಲದೆಯೇ, ಸೀರಿಯಂ ಆಕ್ಸೈಡಿನ ನ್ಯಾನೋಕಣಗಳಿಂದ ಬ್ಯಾಕ್ಟೀರಿಯಾದ ಪೊರೆಯನ್ನು ಕತ್ತರಿಸಬಹುದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ತೋರಿಸಿದ್ದಾರೆ. ಆ ಸಂಸ್ಥೆಯ ಎರಡನೆಯ ಆವರಣ ಚಿತ್ರದುರ್ಗ ಜಿಲ್ಲೆಯ ಕುದಾಪುರದಲ್ಲಿಯೇ ಇದೆ.

ಹೊಸ ಅಸ್ತ್ರ ಬರಲಿರುವಾಗ ಹಳೆಯದನ್ನು ಕಾಯುವ ಕಷ್ಟವೇಕೆ ಎಂದು ಕೇಳುವವರುಂಟು. ಹೊಳಲ್ಕೆರೆಯ ಅಡಕೆ ತೋಟದವರನ್ನು ವಿಚಾರಿಸಬೇಕು. ಬೋರು ಬತ್ತಿತೆಂದು ಒಬ್ಬನು ಇನ್ನೂ ಆಳಕ್ಕೆ ಕೊರೆಸುತ್ತಾನೆ, ನೀರು ಬರುತ್ತದೆ, ನೆರೆಯವನ ಬೋರು ಬತ್ತುತ್ತದೆ. ಆಳ ಹೆಚ್ಚಿತೇ ಹೊರತು ನೆಲದೊಳಗಿನ ನೀರು ಹೆಚ್ಚಲಿಲ್ಲ. ಉಗ್ರಾಣುಗಳನ್ನು ಮುರಿಯುವ ಕ್ಯಾಟಲೇಸಿನಂಥ ಕಿಣ್ವಗಳು ಹಲವು ಬ್ಯಾಕ್ಟೀರಿಯಾಗಳಲ್ಲಿ ಈಗಾಗಲೇ ಇವೆ ಎಂಬುದನ್ನೂ ಮರೆಯತಕ್ಕದ್ದಲ್ಲ.

ಮತ್ತೊಂದು ವಾದ ಇದಕ್ಕಿಂತ ಸೂಕ್ಷ್ಮವಾದದ್ದು. ಈ ಚಿಕಿತ್ಸೆಗೆ ಯಂತ್ರ ಬೇಕು, ಪಳಗಿದ ಕೈ ಬೇಕು. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಕ್ಕುವಂಥದಲ್ಲ. ಆದಕಾರಣ ದುರುಪಯೋಗವಾಗದು ಎನ್ನುತ್ತಾರೆ. ಮಾತು ನಿಜ. ಕೆಲವು ಆಂಟಿಬಯೋಟಿಕ್‌ಗಳ ಮಾರಾಟವನ್ನು ಬೇರೆ ಪುಸ್ತಕದಲ್ಲಿ ಬರೆದಿಡಬೇಕೆಂಬ ನಿಯಮ 2014ರಿಂದ ಜಾರಿಯಲ್ಲಿದ್ದರೂ, ಸಾಧಿಸಲಾಗದುದನ್ನು ಯಂತ್ರದ ಬೆಲೆಯೇ ಸಾಧಿಸೀತು. ಆದರೆ ಬಡವನ ಉಪವಾಸ ಏಕಾದಶಿಯಾಗದು. ಕಾಲಿನ ಗಾಯ ಮೂಳೆಗಿಳಿದ ಹೊಸದುರ್ಗದ ಕುರಿಗಾಹಿಗೆ ಯಂತ್ರ ದೊರೆಯದಿರುವುದನ್ನು ಸಂಯಮವೆನ್ನುವುದು ಕ್ರೂರವಾದ ಹಾಸ್ಯ. ಸಂಯಮವು ಕೊಳ್ಳಬಲ್ಲವನು ಕೊಳ್ಳದಿರುವುದರಲ್ಲಿದೆ. ಯಂತ್ರವೇನಾದರೂ ಬಂದರೆ ಮೊದಲು ಬರತಕ್ಕದ್ದು ಜಿಲ್ಲಾಸ್ಪತ್ರೆಗೆ; ಮಾತ್ರೆಗಳೆಲ್ಲ ಸೋತ ರೋಗಿಗೆ ಮೊದಲ ಸರದಿ, ಅವನು ಹಿರಿಯೂರಿನ ಕೂಲಿಯವನೇ ಆಗಲಿ, ಹೊಳಲ್ಕೆರೆಯ ತೋಟದ ಯಜಮಾನನೇ ಆಗಲಿ. ಅಲ್ಲಿಯವರೆಗೆ ಆ ಕುರಿಗಾಹಿಗಿರುವುದು ಹಳೆಯ ಮಾತ್ರೆಯೊಂದೇ. ಅದರ ಶಕ್ತಿ ಉಳಿದಿದೆಯೋ, ಅವನ ಊರಿನ ನೆಗಡಿಗಳಿಗೆಲ್ಲ ಆಗಲೇ ಖರ್ಚಾಗಿದೆಯೋ, ಅವನು ತಿಳಿಯಲಾರ.