ಸುಣ್ಣದ ಮೇಲೆ ಬರೆದ ವಾಕ್ಯ

ಆಧಾರ: ಧರ್ಮೋಪದೇಶಕಾಂಡ 6ನೆಯ ಅಧ್ಯಾಯ, 6ರಿಂದ 9ರ ವರೆಗಿನ ವಚನಗಳು



ಇಂಗ್ಲೆಂಡ್ ದೇಶದ ಹಳ್ಳಿಗಳಲ್ಲಿರುವ ಹಳೇ ದೇವಾಲಯಗಳ ಗೋಡೆಗಳು ಪೂರ್ವಕಾಲದಲ್ಲಿ ಚಿತ್ರಗಳಿಂದ ತುಂಬಿದ್ದವು. ಕೆಮ್ಮಣ್ಣು, ಹಳದಿಮಣ್ಣು, ಸುಣ್ಣ, ದೀಪದ ಮಸಿ, ಇವೇ ಹೆಚ್ಚಾಗಿ ಅವುಗಳ ಬಣ್ಣಗಳು. ಓದಲರಿಯದ ಒಕ್ಕಲಿಗನು ಕಡೇ ದಿನದ ನ್ಯಾಯತೀರ್ಪನ್ನು ಆ ಗೋಡೆಯಲ್ಲಿ ಕಂಡು ನಡುಗುತ್ತಿದ್ದನು. ಆದರೆ ಜನರು ದೇವರನ್ನು ಬಿಟ್ಟು ಚಿತ್ರಗಳಿಗೂ ಪ್ರತಿಮೆಗಳಿಗೂ ಅಡ್ಡಬೀಳುತ್ತಾರೆಂಬ ಕಾರಣದಿಂದ ಆರನೆಯ ಎಡ್ವರ್ಡ್ ಅರಸನ ಆಳಿಕೆಯಲ್ಲಿ, 1547ರಲ್ಲಿ, ಅಂಥವುಗಳನ್ನು ತೆಗೆದುಹಾಕಬೇಕೆಂದು ಆಜ್ಞೆಯಾಯಿತು. ಊರೂರಿನಲ್ಲಿಯೂ ಗೋಡೆಗೆ ಸುಣ್ಣ ಬಳಿದರು. ಆ ಬಿಳುಪಿನ ಮೇಲೆ ಸತ್ಯವೇದದ ವಾಕ್ಯಗಳನ್ನು ಕಪ್ಪಕ್ಷರದಲ್ಲಿ ಬರೆದರು. 1561ರಲ್ಲಿ ಎಲಿಜಬೆತ್ ರಾಣಿಯು ಹತ್ತು ಆಜ್ಞೆಗಳ ಹಲಗೆಯನ್ನು ದೇವಾಲಯದ ಮೂಡಣ ಕಡೆಯಲ್ಲಿ ಇಡಬೇಕೆಂದು ಕಟ್ಟಳೆ ಮಾಡಿದಳು.

ನಾರ್ಫೋಕ್ ಸೀಮೆಯ ಬಿನ್ಹಮ್ ಗ್ರಾಮದ ದೇವಾಲಯದಲ್ಲಿ ಗೋಡೆಗೆ ಮಾತ್ರವಲ್ಲ, ಮರದ ಅಡ್ಡಗೋಡೆಗೂ ಹೀಗೆಯೇ ಆಯಿತು. ಅದರ ಹಲಗೆಗಳ ಮೇಲೆ ಪರಿಶುದ್ಧರ ಚಿತ್ರಗಳೂ ತನ್ನ ಗಾಯಗಳೊಡನೆ ನಿಂತ ಕ್ರಿಸ್ತನ ಚಿತ್ರವೂ ಇದ್ದವು. ಅವೆಲ್ಲವನ್ನೂ ಬಿಳಿಬಣ್ಣದಿಂದ ಮುಚ್ಚಿ, 1539ರಲ್ಲಿ ಅಚ್ಚಾದ ಇಂಗ್ಲಿಷ್ ಸತ್ಯವೇದದಿಂದ ವಾಕ್ಯಗಳನ್ನು ಬರೆದರು. ಆ ಭಾಷಾಂತರದ ಬಹುಪಾಲು ವಿಲಿಯಂ ಟಿಂಡೇಲನ ಪ್ರಯಾಸದ ಫಲ. ಅವನನ್ನೋ 1536ರಲ್ಲಿ ಕಂಬಕ್ಕೆ ಕಟ್ಟಿ, ಕೊರಳು ಬಿಗಿದು ಕೊಂದು, ದೇಹವನ್ನು ಸುಟ್ಟಿದ್ದರು. ಅಕ್ಷರಗಳ ಬೆಲೆ ಅಷ್ಟಿತ್ತು.

ಪ್ರಿಯರೇ, ಆ ಊರಿನ ಮುದುಕಿಯೊಬ್ಬಳನ್ನು ಮನಸ್ಸಿನಲ್ಲಿ ನೆನಸಿರಿ. ಬಾಲ್ಯದಿಂದ ಬಲ್ಲ ಮುಖಗಳು ಒಂದು ದಿನ ಮಾಯವಾದವು. ಅವುಗಳ ಸ್ಥಳದಲ್ಲಿ ಕಪ್ಪು ಗೀಟುಗಳು ಬಂದವು. ಅವಳಿಗೆ ಓದು ಬಾರದು. ಸುಣ್ಣ ಬಳಿದವರ ಭಕ್ತಿಯನ್ನು ನಾನು ಹಳಿಯೆನು. ನಮ್ಮ ಹಿರಿಯರೂ ತಮ್ಮ ಮನೆಯ ವಿಗ್ರಹಗಳನ್ನು ಬಿಟ್ಟು ಬಂದವರೇ. ಆದರೆ ಆ ಮುದುಕಿಗೆ ವಾಕ್ಯವನ್ನು ಓದಿ ಹೇಳುವವರಿಲ್ಲದಿದ್ದರೆ, ಅವಳಿಗೆ ದೊರಕಿದ್ದೇನು? ಬೇಲ್ಶಚ್ಚರನ ಅರಮನೆಯ ಗೋಡೆಯ ಗಾರೆಯ ಮೇಲೆ ದೇವರೇ ಬರಹ ಬರೆಯಿಸಿದನು; ದಾನಿಯೇಲನು ಬಂದು ಓದುವ ತನಕ ಅರಸನಿಗೆ ಅದರಿಂದ ಭಯ ಹುಟ್ಟಿತೇ ಹೊರತು ತಿಳುವಳಿಕೆ ಹುಟ್ಟಲಿಲ್ಲ.

ಮೋಶೆಯು ಇಟ್ಟ ಕ್ರಮವನ್ನು ನೋಡಿರಿ. ದೇವರ ಮಾತು ಮೊದಲು ಹೃದಯದಲ್ಲಿರಬೇಕು. ಆಮೇಲೆ ಮಕ್ಕಳಿಗೆ ಅಭ್ಯಾಸ ಮಾಡಿಸಬೇಕು. ಮನೆಯಲ್ಲಿ ಕೂತಾಗಲೂ ದಾರಿ ನಡೆಯುವಾಗಲೂ, ಮಲಗುವಾಗಲೂ ಏಳುವಾಗಲೂ ಅದನ್ನು ಮಾತಾಡಬೇಕು. ಬಾಗಿಲಿನ ನಿಲುವುಗಳ ಮೇಲೆ ಬರೆಯುವುದು ಎಲ್ಲಕ್ಕೂ ಕಡೆಯದು. ನಾವಾದರೋ ಕಡೆಯದನ್ನು ಮೊದಲು ಮಾಡಿ, ಬಣ್ಣದವನಿಗೆ ಕೂಲಿ ಕೊಟ್ಟು ಸಮಾಧಾನದಿಂದಿರುತ್ತೇವೆ.

ಬಿನ್ಹಮಿನ ಹಲಗೆಗಳು ಇನ್ನೂ ಉಳಿದಿವೆ. ಕಾಲಕ್ರಮದಲ್ಲಿ ಬಿಳಿಬಣ್ಣವು ಅಲ್ಲಲ್ಲಿ ಸವೆದುಹೋಗಿ, ವಾಕ್ಯದ ಸಾಲುಗಳ ನಡುವೆ ಗಾಯಪಟ್ಟ ಕರ್ತನ ಚಿತ್ರವು ಕಾಣಿಸಿಕೊಂಡಿದೆ. ಚಿತ್ರ ಬರೆದವನೂ ಅದನ್ನು ಮುಚ್ಚಿದವನೂ ಇದನ್ನು ಎಣಿಸಿರಲಿಕ್ಕಿಲ್ಲ. ನನಗಂತೂ ಆ ವಾಕ್ಯಗಳು ಅವನ ಮುಖವನ್ನು ಬಿಟ್ಟು ಬೇರೆ ಯಾವದನ್ನು ತೋರಿಸಬೇಕಾಗಿತ್ತು ಎನಿಸುತ್ತದೆ.

ನಿಮ್ಮ ದೇವಾಲಯದ ಗೋಡೆಯ ಮೇಲೆ ವಾಕ್ಯವಿದ್ದರೆ, ಬರುವ ಭಾನುವಾರ ಆರಾಧನೆಗೆ ಹೊರಡುವ ಮುಂಚೆ, ಅದನ್ನು ನೋಡದೆ ಹೇಳಿರಿ. ನಾನು ಹೇಳಲು ಹೋಗಿ ಅರ್ಧದಲ್ಲಿ ನಿಂತೆನು. ಮನೆಯಲ್ಲಿ ಓದಲು ಬಾರದ ಅಜ್ಜಿಯಿದ್ದರೆ, ಆ ವಾಕ್ಯವನ್ನು ಈ ಸಂಜೆ ಅವರ ಕಿವಿಗೆ ಹೇಳುವವರು ನಿಮ್ಮಲ್ಲಿ ಯಾರು?