ಆ 97 ಯಾವುದರ ಮೇಲೆ?

ಕಳೆದ ವರ್ಷ ಪುಣೆಯ ನಮ್ಮ ತಂಡ ವಿಮಾ ಗ್ರಾಹಕರ ಇಂಗ್ಲಿಷ್ ಪ್ರಶ್ನೆಗಳನ್ನು ಓದಿ ವಿಂಗಡಿಸುವ ತಂತ್ರಾಂಶ ಕಟ್ಟುತ್ತಿತ್ತು. ಮೊದಲ ಮೆಟ್ಟಿಲು, ಇದು ನಾಮಪದ, ಇದು ಕ್ರಿಯಾಪದ ಎಂದು ಪ್ರತಿ ಪದಕ್ಕೂ ಚೀಟಿ ಅಂಟಿಸುವುದು. ಆ ಟ್ಯಾಗರ್‌ನ ನಿಖರತೆ ಶೇ. 97 ಎಂದು ಅದರ ಕೈಪಿಡಿ ಹೇಳುತ್ತಿತ್ತು. ನಾನೂ ಸ್ಟೇಟಸ್ ರಿಪೋರ್ಟಿನಲ್ಲಿ ಅದನ್ನೇ ಬರೆದೆ.

ಒಂದು ಸಂಜೆ ಟೆಸ್ಟಿಂಗ್ ಹುಡುಗಿ ಒಂದು ಸಾಲು ತೋರಿಸಿದಳು: ‘ವೈ ಡಿಡ್ ಮೈ ಪಾಲಿಸಿ ಲ್ಯಾಪ್ಸ್?’ ‘ಲ್ಯಾಪ್ಸ್’ಗೆ ನಾಮಪದದ ಚೀಟಿ ಬಿದ್ದಿತ್ತು. ಹಾಗಾಗಿ ಕಾರಣ ಕೇಳಿದವರಿಗೆ ನವೀಕರಣದ ಕರಪತ್ರ ಹೋಗುತ್ತಿತ್ತು. ‘ಸಾರ್, ಆ 97 ಯಾವುದರ ಮೇಲೆ?’ ಎಂದಳು.

ಬಹಳಷ್ಟು ಇಂಗ್ಲಿಷ್ ಟ್ಯಾಗರ್‌ಗಳು ಕಲಿತದ್ದು ಪೆನ್ ಟ್ರೀಬ್ಯಾಂಕಿನಿಂದ, ಅಂದರೆ 1989ರ ವಾಲ್ ಸ್ಟ್ರೀಟ್ ಜರ್ನಲ್‌ನ ಸುಮಾರು 10 ಲಕ್ಷ ಪದಗಳಿಂದ. ಪತ್ರಿಕೆ ಹೇಳುತ್ತದೆ, ಕೇಳುವುದು ಅಪರೂಪ. ಇಂಗ್ಲಿಷ್ ಪ್ರಶ್ನೆಯಲ್ಲಿ ಸಹಾಯಕ ಕ್ರಿಯಾಪದ ಕರ್ತೃವಿನ ಮುಂದಕ್ಕೆ ಜಿಗಿಯುತ್ತದೆ, ಮುಖ್ಯ ಕ್ರಿಯಾಪದ ನಾಮಪದದ ಬೆನ್ನಿಗೆ ಒಂಟಿಯಾಗಿ ಉಳಿಯುತ್ತದೆ. (ನಮ್ಮಲ್ಲಾದರೆ ‘ಬಂತು’ವಿನ ಬಾಲ ಎಳೆದು ‘ಬಂತಾ’ ಎಂದರಾಯಿತು, ಪದ ಜಾಗ ಬಿಟ್ಟು ಕದಲುವುದಿಲ್ಲ.) ಈ ಕೊರತೆ ಹೊಸದೇನಲ್ಲ. 2006ರಲ್ಲೇ ಸಂಶೋಧಕರು 4,000 ಪ್ರಶ್ನೆಗಳ ಕ್ವೆಶ್ಚನ್‌ಬ್ಯಾಂಕ್ ಸಿದ್ಧಪಡಿಸಿದ್ದರು. ನಾವು ನೋಡಿರಲಿಲ್ಲ, ಅಷ್ಟೆ.

ಇನ್ನು ಆ 97 ಪ್ರತಿ ಪದದ ಲೆಕ್ಕ. ಪೂರ್ಣವಿರಾಮ, ಅಲ್ಪವಿರಾಮಗಳೂ ಅದರಲ್ಲಿ ಪಾಸಾದವರೇ! ತಪ್ಪುಗಳು ಎಲ್ಲೆಡೆ ಸಮನಾಗಿ ಚದುರಿವೆ ಎಂದುಕೊಂಡರೆ, 20 ಪದಗಳ ವಾಕ್ಯ ಪೂರ್ತಿ ಸರಿಯಾಗುವ ಸಾಧ್ಯತೆ ಸುಮಾರು ಶೇ. 54.

ಹಾಗಾದರೆ ನಾನು ಬರೆದದ್ದು ಸುಳ್ಳೇ? ಅಂಕಿ ನಿಜ. ಆದರೆ ಅದು ಹೇಳಿಕೆಗಳ ಮೇಲೆ ಗಳಿಸಿದ ಅಂಕ; ನಮ್ಮಲ್ಲಿಗೆ ಬರುವವರು ಕೇಳಲೆಂದೇ ಬರುವವರು. ತಪ್ಪು ಮಾತು ಆಡುವುದು ಮಾತ್ರ ಸುಳ್ಳೋ, ಎದುರಿನವರು ತಪ್ಪಾಗಿ ತಿಳಿಯುತ್ತಾರೆಂದು ಗೊತ್ತಿದ್ದೂ ನಿಜವಾದ ಮಾತು ಆಡುವುದೂ ಸುಳ್ಳೋ? ಎರಡನೆಯದೂ ಹೌದು ಎಂದೇ ನನಗನ್ನಿಸುತ್ತದೆ. ಮೊದಲ ರಿಪೋರ್ಟಿನ ಹೊತ್ತಿಗೆ ನನಗೆ ಗೊತ್ತಿರಲಿಲ್ಲ, ಆ ಸಂಜೆಯ ನಂತರ ಗೊತ್ತಿತ್ತು. ಆಮೇಲೂ ಎರಡು ವಾರ ಅದೇ ಸಾಲು ಹಾಗೇ ಕೂತಿತ್ತು. ಡೆಡ್‌ಲೈನ್ ಇತ್ತು ಎನ್ನಬಹುದು; ಅದು ವಿವರಣೆ, ಸಮರ್ಥನೆಯಲ್ಲ. ಕಾರಣ ಕೇಳಿ ಕರಪತ್ರ ಪಡೆದವರಿಗೆ ನಮ್ಮ ಡೆಡ್‌ಲೈನಿನ ಗೊಡವೆ ಯಾಕೆ?

ಕೊನೆಗೆ ಬಂದ ಪ್ರಶ್ನೆಗಳಲ್ಲೇ 300 ಆರಿಸಿ, ಕೈಯಿಂದ ಗುರುತು ಹಾಕಿ, ಅವುಗಳದ್ದೇ ಬೇರೆ ಅಂಕಿ ಬರೆದು ಕಳಿಸಿದೆವು. ಮರುದಿನದ ಕಾಲ್‌ನಲ್ಲಿ ಕ್ಲೈಂಟ್ ಕಡೆಯವರು ಕೇಳಿದ್ದು ಒಂದೇ: ‘ಹಳೆಯ ನಂಬರ್ ಚೆನ್ನಾಗಿತ್ತಲ್ಲ?’