ರಾತ್ರಿಭೋಜನತ್ಯಾಗ ಮತ್ತು ರುಗ್ಣಶಿಶು

ರಾತ್ರಿಭೋಜನತ್ಯಾಗವು ಶ್ರಾವಕನ ಮನೆಗೆ ಭೂಷಣ. ಅಂಥ ಮನೆಯಲ್ಲಿ, ನಡುರಾತ್ರಿ ಉಣಿಸದಿದ್ದರೆ ಉಳಿಯದಂಥ ಮಗು ಜನಿಸಿದರೆ ತಾಯಿತಂದೆಗಳ ಧರ್ಮವೇನು?

ಇದು ಬರಿಯ ಊಹೆಯಲ್ಲ. ವಾನ್ ಗಿಯರ್ಕೆ ಎಂಬ ವೈದ್ಯರು 1929ರಲ್ಲಿ ವಿವರಿಸಿದ ವ್ಯಾಧಿಯೊಂದು ಸುಮಾರು ಲಕ್ಷ ಶಿಶುಗಳಲ್ಲಿ ಒಂದಕ್ಕೆ ಹುಟ್ಟಿನಿಂದಲೇ ಇರುತ್ತದೆ. ಯಕೃತ್ತು ತಾನು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಟ್ಟುಕೊಡಲಾರದು. ಕೆಲವೇ ಗಂಟೆಗಳ ನಿರಾಹಾರವೂ ಪ್ರಾಣಕ್ಕೆ ಎರವಾಗಬಲ್ಲದು. ಬೇಯಿಸದ ಮೆಕ್ಕೆಜೋಳದ ಪಿಷ್ಟವನ್ನು ನೀರಿನಲ್ಲಿ ಕದಡಿ, ಹಗಲಿರುಳೆನ್ನದೆ ಹೊತ್ತಿಗೆ ಸರಿಯಾಗಿ ಕುಡಿಸುವ ಚಿಕಿತ್ಸೆ 1984ರಿಂದ ಬಳಕೆಗೆ ಬಂದಿದೆ.

ಅರಿಯದ ಶಿಶುವಿಗೆ ವ್ರತವಿಲ್ಲ, ಸರಿ. ಆದರೆ ಕೃತ, ಕಾರಿತ, ಅನುಮೋದನೆಗಳೆಂಬ ಮೂರು ಬಗೆಯಲ್ಲಿಯೂ ತ್ಯಾಗಮಾಡಿದ ತಾಯಿಗೆ ಉಣಿಸಿದ ದೋಷ ತಗಲದೇ? ಶಂಕೆ ಸಹಜ. ಹಿಂಸೆಯ ಮೂಲವು ಪ್ರಮಾದವೆಂದು ಆಗಮದ ಮತ. ರಾತ್ರಿಭೋಜನವನ್ನು ನಿಷೇಧಿಸಿದ್ದೂ ಜೀವರಕ್ಷೆಗಾಗಿಯೇ. ಪ್ರಾಣ ಹೋಗುವುದೆಂದು ತಿಳಿದೂ ಬಟ್ಟಲನ್ನು ತಡೆಹಿಡಿದರೆ ನಿಯಮ ಉಳಿದೀತು. ಅದರ ಜೀವಾಳವಾದ ದಯೆ ಉಳಿಯದು. ಭಸ್ಮಕವ್ಯಾಧಿಯಿಂದ ಬಳಲಿದ ಸಮಂತಭದ್ರಸ್ವಾಮಿಗಳು ಸಲ್ಲೇಖನೆಯನ್ನು ಬೇಡಿದಾಗ ಗುರುಗಳು ಒಪ್ಪದೆ, ಮುನಿದೀಕ್ಷೆಯನ್ನೇ ಬಿಟ್ಟು ರೋಗವನ್ನು ನೀಗಿಕೊಳ್ಳಲು ಅಪ್ಪಣೆಯಿತ್ತರೆಂಬ ಕಥೆ ಪರಂಪರೆಯಲ್ಲಿ ಪ್ರಸಿದ್ಧ.

ಅವರ ವ್ಯಾಧಿ ಶಮನವಾಯಿತು. ಈ ಮಗುವಿನದು ಬಾಳಿನುದ್ದಕ್ಕೂ ಇರುವಂಥದು. ಆದುದರಿಂದ ಅದು ದೊಡ್ಡದಾದ ಮೇಲೆ, ದಶಲಕ್ಷಣ ಪರ್ವದಲ್ಲಿ ಉಪವಾಸ ಮಾಡಲಿಲ್ಲವೆಂದು ಯಾರೂ ಕೀಳಾಗಿ ಕಾಣಬಾರದು. ಹನ್ನೆರಡು ತಪಗಳಲ್ಲಿ ಅನಶನವು ಒಂದು ಮಾತ್ರ. ಸ್ವಾಧ್ಯಾಯ, ವಿನಯ, ಧ್ಯಾನಗಳಿಗೆ ಊಟ ಅಡ್ಡಿಯಲ್ಲ. ತಾನು ಹನಿ ನೀರನ್ನೂ ಮುಟ್ಟದೆ, ನಿದ್ದೆಗೆಟ್ಟು, ಬೆಳಕಿನಲ್ಲಿ ಹುಳುಹುಪ್ಪಟೆ ಬಿದ್ದಿಲ್ಲವೆಂದು ನೋಡಿ ಬಟ್ಟಲು ಹಿಡಿಯುವ ತಾಯಿಯ ಕೈಯಲ್ಲಿ ವೈಯಾವೃತ್ಯದ ಭಾವವೇ ನೆಲೆಸಿದೆ.